ತಾಲ್ ಮಾರುಕಟ್ಟೆಯ ಬಾರೊಂಗ್ ಅಂಗಡಿ: ಕೈಕಸೂತಿ ಬೇಕಿದ್ದರೆ ಇಲ್ಲಿಗೇ ಬನ್ನಿ

ಫಿಲಿಪ್ಪೀನ್ಸ್‌ನಲ್ಲಿ ಕೆಲಸಕ್ಕಿರುವವರಿಗೆ ಒಂದಲ್ಲ ಒಂದು ದಿನ ಬಾರೊಂಗ್ ಬೇಕಾಗುತ್ತದೆ. ಮದುವೆ, ಪದವಿ ಸಮಾರಂಭ, ಆಫೀಸಿನ ದೊಡ್ಡ ಕಾರ್ಯಕ್ರಮ, ಎಲ್ಲಕ್ಕೂ ಇದೇ ಅಂಗಿ. ಉದ್ದ ತೋಳು, ಮೈ ಕಾಣುವಷ್ಟು ತೆಳು ಬಟ್ಟೆ. ಒಳಗೆ ಬಿಳಿ ಬನಿಯನ್ ಹಾಕಿ, ಅಂಗಿಯನ್ನು ಪ್ಯಾಂಟಿನ ಮೇಲೆ ಇಳಿಬಿಡುತ್ತಾರೆ. 1953ರಲ್ಲಿ ರಾಮೊನ್ ಮಗ್ಸಾಯ್‌ಸಾಯ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡಾಗಲೂ ಬಾರೊಂಗನ್ನೇ ತೊಟ್ಟಿದ್ದರು. ನನ್ನ ಗಂಡನಿಗೆ ಸಹೋದ್ಯೋಗಿಯ ಮದುವೆಗೆ ಒಂದು ಬೇಕಿತ್ತು. ಮನಿಲಾದ ಮಾಲ್‌ಗಳಲ್ಲಿ ನೋಡಿದ್ದೆಲ್ಲ ಮೆಷಿನ್ ಕಸೂತಿ. ಹಾಗಾಗಿ ಬಸ್ ಹತ್ತಿ ಬತಾಂಗಾಸ್ ಪ್ರಾಂತ್ಯದ ತಾಲ್‌ಗೆ ಹೋದೆವು.

ಮಾರುಕಟ್ಟೆ ಊರಿನ ದೊಡ್ಡ ಚರ್ಚಾದ ಬಸಿಲಿಕಾದಿಂದ ದೂರವಿಲ್ಲ. ಮೀನು, ಮಾಂಸದ ಸಾಲು ದಾಟಿದರೆ ಕಸೂತಿ ಅಂಗಡಿಗಳು ಸಿಗುತ್ತವೆ. ನಾವು ಹೋದದ್ದು ತೀರಾ ಚಿಕ್ಕ ಅಂಗಡಿಗೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ನಡೆಸುವ ಹೆಂಗಸನ್ನು ಎಲ್ಲರಂತೆ ನಾನೂ 'ಆತೆ' ಎಂದೇ ಕರೆದೆ. ಅಲ್ಲಿ ಅಕ್ಕನಿಗೆ ಹಾಗೆ ಹೇಳುತ್ತಾರೆ. ಯಾವ ಸಮಾರಂಭ, ಬಿಸಿಲಲ್ಲಿ ನಿಲ್ಲಬೇಕಾ, ಎಷ್ಟು ಸಲ ಹಾಕುತ್ತೀರಿ ಅಂತ ಅವರು ಮೊದಲು ಕೇಳಿದರು. ದರದ ಮಾತು ಬಂದದ್ದು ಆಮೇಲೆ. ಮಾರುವವರು ಹೀಗೆ ಕೇಳಿದರೆ ನನಗೆ ನಂಬಿಕೆ ಬರುತ್ತದೆ.

ಬಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ. ಪಿನ್ಯಾ ಅಂದರೆ ಅನಾನಸ್ ಎಲೆಯ ನಾರಿನಿಂದ ಕೈಮಗ್ಗದಲ್ಲಿ ನೇಯ್ದದ್ದು. ಅದಕ್ಕೆ ಅಕ್ಲಾನ್ ಪ್ರಾಂತ್ಯದ ಕಾಲಿಬೊ ಹೆಸರುವಾಸಿ. ಆ ನೇಯ್ಗೆ 2023ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಬೆಲೆ ಕೇಳಿ ಮುಟ್ಟಿ ನೋಡಿ ಇಟ್ಟುಬಿಟ್ಟೆವು. ಇನ್ನೊಂದು ಬಟ್ಟೆಯ ಹೆಸರೇ 'ಹುಸಿ', ನಮ್ಮ ಕನ್ನಡದ ಹುಸಿಯಲ್ಲ. ಅದು ಈಗ ಹೆಚ್ಚಾಗಿ ರೇಷ್ಮೆಯದು. ನಾವು ತೆಗೆದುಕೊಂಡದ್ದು ಅದೇ, 4,200 ಪೆಸೊ.

ಇನ್ನು ಕಸೂತಿ. ನಾನೂ ಸೂಜಿ ಹಿಡಿಯುವವಳು, ಅದಕ್ಕೇ ಮೊದಲು ಬಟ್ಟೆ ತಿರುಗಿಸಿ ಹಿಂಭಾಗ ನೋಡಿದೆ. ಮೆಷಿನ್‌ದಾದರೆ ಹಿಂದೆ ಒಂದೇ ಸಮ ದಟ್ಟ ದಾರ, ಎದೆಯ ಮೇಲೆ ಬಿರುಸು. ಇದರಲ್ಲಿ ದಾರ ಒಂದು ಎಲೆಯಿಂದ ಇನ್ನೊಂದಕ್ಕೆ ದಾಟಿದ ಜಾಗ ಕಾಣುತ್ತಿತ್ತು, ಎಳೆತ ಅಲ್ಲಲ್ಲಿ ಸ್ವಲ್ಪ ಬೇರೆ ಬೇರೆ. ಮುಂಭಾಗದ ಹೂಬಳ್ಳಿಯ ನಡುವೆ ಕಲಾದೊ ಕೆಲಸವಿದೆ. ಬಟ್ಟೆಯದೇ ಎಳೆಗಳನ್ನು ಎಣಿಸಿ ಎಳೆದು ತೆಗೆದು, ಉಳಿದವನ್ನು ಸೂಜಿಯಲ್ಲಿ ಕಟ್ಟಿ ಜಾಲರಿ ಮಾಡುತ್ತಾರೆ. ಒಂದು ಎಳೆ ಜಾಸ್ತಿ ಕಿತ್ತರೆ ಆ ತುಂಡೇ ಹೋಯಿತು. ಇಷ್ಟು ಸಣ್ಣ ಕಣ್ಣಿನ ಜಾಲರಿಯನ್ನು ಇಷ್ಟು ತೆಳು ಬಟ್ಟೆಯ ಮೇಲೆ ನಾನಂತೂ ಮಾಡಲಾರೆ. ನೋಡುತ್ತಾ ಗಂಟಲು ಕಟ್ಟಿತು, ನಿಜ.

ಚೌಕಾಸಿ ಮಾಡಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ: ಬೇಡ. ಸುತ್ತಲಿನ ಹಳ್ಳಿಯ ಹೆಂಗಸರು ಮನೆಗೆಲಸ ಮುಗಿಸಿ, ಚೌಕಟ್ಟಿಗೆ ಬಟ್ಟೆ ಬಿಗಿದು ಕೂತು ಮಾಡುವ ಕೆಲಸವಿದು. ಒಂದು ಅಂಗಿಯ ಮುಂಭಾಗಕ್ಕೆ ವಾರಗಳೇ ಹಿಡಿಯುತ್ತವಂತೆ. "ಕಲಿಯೋಕೆ ಈಗಿನ ಹುಡುಗಿಯರು ಬರಲ್ಲ, ಮನಿಲಾಗೋ ದುಬೈಗೋ ಹೋಗ್ತಾರೆ" ಅಂದರು ಆತೆ. ಹೋಗುವವರನ್ನು ತಪ್ಪು ಅನ್ನಲಾಗದು, ಅಲ್ವಾ? ಹೊಲಿಗೆಗೆ ಸರಿಯಾದ ಕೂಲಿ ಸಿಕ್ಕರೆ ಕೆಲವರಾದರೂ ಉಳಿದಾರು.

ಈ ಊರಿಗೆ ಸೂಜಿಯ ನಂಟು ಹಳೆಯದು. ಫಿಲಿಪ್ಪೀನ್ಸ್‌ನ ಮೊದಲ ಧ್ವಜ ಹೊಲಿದ ಮಾರ್ಸೆಲಾ ಅಗೊನ್ಸಿಲ್ಯೊ ತಾಲ್‌ನವರು. 1898ರಲ್ಲಿ ಹಾಂಗ್‌ಕಾಂಗ್‌ನಲ್ಲಿದ್ದಾಗ ಮಗಳು ಲೊರೆಂಜಾ ಮತ್ತು ಆ ದೇಶದ ರಾಷ್ಟ್ರವೀರ ಹೊಸೆ ರಿಸಾಲ್‌ನ ಸೋದರ ಸೊಸೆ ಡೆಲ್ಫಿನಾ ಜೊತೆ ಕೂತು ಐದು ದಿನದಲ್ಲಿ ರೇಷ್ಮೆಯ ಬಾವುಟ ಮುಗಿಸಿದರು. ಆ ವರ್ಷ ಜೂನ್ 12ರಂದು ಸ್ವಾತಂತ್ರ್ಯ ಘೋಷಿಸಿದಾಗ ಕಾವಿಟ್‌ನಲ್ಲಿ ಹಾರಿದ್ದು ಆ ಬಾವುಟವೇ. ತಾಲ್‌ನಲ್ಲಿರುವ ಅವರ ಮನೆ ಈಗ ಮ್ಯೂಸಿಯಂ, ಟಿಕೆಟ್ ಇಲ್ಲ. ಅಂಗಡಿಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿ.

ಊರೇ ಒಮ್ಮೆ ಜಾಗ ಬದಲಿಸಿದೆ. 1754ರಲ್ಲಿ ತಾಲ್ ಜ್ವಾಲಾಮುಖಿ ತಿಂಗಳುಗಟ್ಟಲೆ ಉಗುಳಿ, ಸರೋವರದ ದಡದಲ್ಲಿದ್ದ ಹಳೆಯ ಊರನ್ನು ಹಾಳುಮಾಡಿತು. ಜನ ಈಗಿನ ಗುಡ್ಡಕ್ಕೆ ಬಂದರು. ಹಳೆಯ ಚರ್ಚಿನ ಅವಶೇಷ ಇಂದಿನ ಸಾನ್ ನಿಕೊಲಾಸ್‌ನಲ್ಲಿದೆ. 2020ರ ಜನವರಿ 12ರಂದು ಅದೇ ಜ್ವಾಲಾಮುಖಿ ಮತ್ತೆ ಎದ್ದಾಗ ಊರು ಖಾಲಿ ಮಾಡಬೇಕಾಯಿತು. ಆತೆ ಹೊರಡುವಾಗ ಕೈಗೆತ್ತಿಕೊಂಡದ್ದು ಬಟ್ಟೆಗಂಟುಗಳನ್ನಂತೆ. ಬೂದಿ ಕೂತರೆ ಹುಸಿ ಬಟ್ಟೆ ಮತ್ತೆ ಬೆಳ್ಳಗಾಗುವುದಿಲ್ಲ ಅಂದರು.

ಕೊರತೆಯೂ ಇದೆ. ಕಸೂತಿ ಚಿನ್ನ, ಟೈಲರಿಂಗ್ ಸಾಧಾರಣ. ಭುಜದ ಹೊಲಿಗೆ ಒಂದು ಬದಿ ಸುಕ್ಕಾಗಿತ್ತು, ಒಂದು ಕಾಜ ಸಡಿಲ. ತೋರಿಸಿದ ಕೂಡಲೇ ಬಿಚ್ಚಿ ಸರಿಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ. ಆದರೂ ಅಲ್ಲೇ ತೊಟ್ಟು, ಕೈಯೆತ್ತಿ, ಕೂತು ನೋಡಿ. ಕನ್ನಡಿ ಚಿಕ್ಕದು, ತೊಟ್ಟು ನೋಡಲು ಪರದೆ ಎಳೆದ ಮೂಲೆಯಷ್ಟೇ. ಕಾರ್ಡ್ ನಡೆಯುವುದಿಲ್ಲ. ಅಳತೆ ಕೊಟ್ಟು ಹೊಲಿಸುವುದಾದರೆ ಮದುವೆಗೆ ತಿಂಗಳೆರಡು ಮುಂಚೆಯೇ ಹೇಳಬೇಕು.

ಒಗೆಯುವುದು ಕೈಯಲ್ಲೇ, ತಣ್ಣೀರಲ್ಲಿ, ಹಿಂಡದೆ. ಬ್ಲೀಚ್ ಬೇಡವೇ ಬೇಡ. ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ, ಬೇರೆ ದಿನ ಬೆಳಗ್ಗೆಯೇ ಹೋಗಿ. ಮಾರುಕಟ್ಟೆಯಲ್ಲಿ ಬರಾಕೊ ಕಾಫಿ ಪುಡಿಯೂ ಸಿಗುತ್ತದೆ, ಅರ್ಧ ಕಿಲೊ ತನ್ನಿ.