ಕ್ಯಾಮೆರಾ ಇರುವ ಗೂಬೆ ಪೆಟ್ಟಿಗೆ: ಮೊದಲು ಮರ ನೋಡಿ, ಆಮೇಲೆ ಲೆನ್ಸು

ಸಣ್ಣ ಜಾತಿಯ ಗೂಬೆಗಳಿಗೆಂದೇ ಮಾಡಿ, ಮಾಡಿನ ಒಳಗೆ ಕ್ಯಾಮೆರಾ ಕೂರಿಸಿರುವ ಮರದ ಪೆಟ್ಟಿಗೆ ಇದು. ಕೊಳ್ಳಬಹುದು. ಆದರೆ ಮರಕ್ಕೆ ಏರಿಸುವ ಮೊದಲು ಒಂದು ಗಂಟೆ ಕೆಲಸ ಇದೆ.

ಅಳತೆಯಲ್ಲಿ ತಪ್ಪಿಲ್ಲ. ತಳ 8 ಇಂಚು ಚೌಕ, ಬಾಯಿ 3 ಇಂಚು, ಬಾಯಿಂದ ತಳಕ್ಕೆ 10 ಇಂಚು ಆಳ. ಆಳ ಕಡಿಮೆಯಾದರೆ ಬೆಕ್ಕಿನ ಪಂಜಕ್ಕೆ ಮರಿ ಸಿಗುತ್ತದೆ. ಮುಕ್ಕಾಲು ಇಂಚಿನ ಹಲಗೆ, ಒಳಗೆ ಬಣ್ಣ, ವಾರ್ನಿಶ್ ಯಾವುದೂ ಇಲ್ಲ. ಹೊರಗೆ ಕೂರುವ ಕಡ್ಡಿ ಇಟ್ಟಿಲ್ಲ, ಅದೂ ಸರಿಯೇ. ಗೂಬೆಗೆ ಅದು ಬೇಕಿಲ್ಲ.

ಎಡವಿರುವುದು ಒಳಗೋಡೆಯಲ್ಲಿ. ಗಾಜಿನಂತೆ ನುಣುಪಾಗಿ ಉಜ್ಜಿದ್ದಾರೆ. ರೆಕ್ಕೆ ಬಲಿತ ಮರಿ ಉಗುರೂರಿ ಹತ್ತಿಯೇ ಹೊರಬರಬೇಕು, ಹಿಡಿತ ಸಿಗದಿದ್ದರೆ ಒಳಗೇ ಉಳಿಯುತ್ತದೆ. ಬಾಯಿಯ ಕೆಳಗೆ ಅರ್ಧ ಇಂಚಿಗೊಂದರಂತೆ ಗರಗಸದಿಂದ ಅಡ್ಡಗೀರು ಹಾಕಿ. ನೀರು ಬಸಿಯಲು ತಳದಲ್ಲಿ ಒಂದೇ ತೂತಿದೆ; ನಾಲ್ಕು ಮೂಲೆಗೂ ಕೊರೆಯಿರಿ. ಗೂಬೆ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ, ಹಾಗಾಗಿ ಹಾಸಿಗೆಯನ್ನು ನಾವೇ ಹಾಕಬೇಕು: ಉಜ್ಜುಗೊರಡಿನ ಒಣ ಸಿಪ್ಪೆ 2ರಿಂದ 3 ಇಂಚು. ಗರಗಸದ ಪುಡಿ ಬೇಡ, ತೇವ ಹಿಡಿದು ಗಟ್ಟಿಯಾಗುತ್ತದೆ.

ಕ್ಯಾಮೆರಾ ನಿಜಕ್ಕೂ ಒಳ್ಳೆಯದು. ಕತ್ತಲಲ್ಲಿ ನೋಡಲು ಇರುವ ಇನ್‌ಫ್ರಾರೆಡ್ ದೀಪ 940 ನ್ಯಾನೋಮೀಟರಿನದು, ಅದರ ಬೆಳಕು ಕಣ್ಣಿಗೆ ಕಾಣದು. 850ರ ದೀಪದಲ್ಲಿ ಕಾಣುವ ಮಂದ ಕೆಂಪು ಇದರಲ್ಲಿ ಇಲ್ಲ. ಲೆನ್ಸಿನ ಉಂಗುರ ತಿರುಗಿಸಿ ಫೋಕಸ್ ಹೊಂದಿಸಬಹುದು. ತಳಕ್ಕಲ್ಲ, ತಳದಿಂದ ನಾಲ್ಕೈದು ಇಂಚು ಮೇಲಕ್ಕೆ ಹೊಂದಿಸಿ, ಇಲ್ಲವಾದರೆ ಕೂತ ಹಕ್ಕಿಯ ತಲೆ ಮಸುಕು. ಕೇಬಲ್ ಒಳಹೋಗುವ ಕಡೆ ಕೆಳಕ್ಕೆ ಜೋಲುವಂತೆ ಒಂದು ಬಾಗು ಬಿಡಿ. ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇಷ್ಟು ಮಾಡಿದರೆ ಕಾಣುವುದು ಅಪರೂಪದ್ದು: ಹಗಲಿಡೀ ಕಣ್ಣು ಗೀರಿನಷ್ಟು ಮಾಡಿ ಕೂತ ಗೂಬೆ ಇದ್ದಕ್ಕಿದ್ದಂತೆ ಕತ್ತು ಚಾಚಿ, ಕೊಕ್ಕು ಅಗಲಿಸಿ, ಬೂದು ಬಣ್ಣದ ಉಂಡೆಯೊಂದನ್ನು ಕಕ್ಕುತ್ತದೆ. ಜೀರ್ಣವಾಗದ ಇಲಿಯ ಕೂದಲು, ನಡುವೆ ಹಲ್ಲು ಸಮೇತ ಪುಟ್ಟ ದವಡೆ.

ನೆಲದಿಂದ 10-15 ಅಡಿ ಎತ್ತರ ಸಾಕು. ಬೆಕ್ಕು ಹತ್ತದಂತೆ ಕೆಳಗೆ ಕಾಂಡಕ್ಕೆ ತಗಡು ಸುತ್ತಿ. ಮೊಟ್ಟೆಯ ಕಾಲಕ್ಕೆ ಬಹಳ ಮುಂಚೆಯೇ ಎಲ್ಲ ಮುಗಿಸಿ, ಹಕ್ಕಿ ಬಂದ ಮೇಲೆ ಪಕ್ಕದ ಬಾಗಿಲು ತೆರೆಯಲೇಬೇಡಿ, ಕ್ಯಾಮೆರಾ ಕೆಟ್ಟರೂ ಸರಿ. ಮರಿಗಳು ಹಾರಿಹೋದ ಮೇಲೆ ಹಳೆ ಸಿಪ್ಪೆ ತೆಗೆದು ಹೊಸದು ಹಾಕಿ.

ಜೊತೆಗೆ ಬರುವ ಸೂಚನಾ ಹಾಳೆಯಲ್ಲಿ ಇಲಿಪಾಷಾಣದ ಬಗ್ಗೆ ಒಂದು ಸಾಲೂ ಇಲ್ಲ. ವಿಷ ತಿಂದ ಇಲಿಯನ್ನು ತಿಂದರೆ ಗೂಬೆಯೂ ಸಾಯಬಹುದು. ಅಂಗಳದಲ್ಲಿ ಪಾಷಾಣ ಇಡುವವರು ಈ ಪೆಟ್ಟಿಗೆ ಕೊಳ್ಳುವುದು ಬೇಡ.