ಹುಲ್ಲು ಹೊಡೆಯುವ ಮಷೀನು: ಒಂದು ಮಳೆಗಾಲ ಬಳಸಿದ ಮೇಲೆ

ಜೂನಿನಲ್ಲಿ ಶಿರಸಿ ಪೇಟೆಯಲ್ಲಿ ತಗೊಂಡ ಮಷೀನು ಇದು. ಫೋರ್ ಸ್ಟ್ರೋಕ್, 35 ಸಿಸಿ. ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಇಲ್ಲ. ನಮ್ಮ ಎರಡು ಎಕರೆ ಅಡಿಕೆ ತೋಟಕ್ಕೆ ಮೂರು ದಿನ ಸಾಕು. ಮೊದಲು ಆಳುಗಳು ಕತ್ತಿಯಲ್ಲಿ ಸವರಲು ವಾರ ಹಿಡಿಯುತ್ತಿತ್ತು, ಅದೂ ಆಳು ಸಿಕ್ಕರೆ. ಹೆಗಲಿನ ಬೆಲ್ಟು ಮಾತ್ರ ದಂಡ. ಹಳೇ ಟವೆಲ್ ಸುತ್ತಿಕೊಂಡಿದ್ದೇನೆ.

ಜಾಸ್ತಿ ಹೇಳಬೇಕಾದ್ದು ಸ್ಟೀಲ್ ಬ್ಲೇಡಿನ ಬಗ್ಗೆ. ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಬಸಿಗಾಲುವೆ ಪಕ್ಕ ಹೊಡೆಯುತ್ತಿದ್ದೆ. ಮೊಣಕಾಲೆತ್ತರದ ಹುಲ್ಲು. ಟಕ್ ಅಂತು. ಕಲ್ಲು ಅಂದುಕೊಂಡೆ. ಬಗ್ಗಿ ನೋಡಿದರೆ ಕಪ್ಪು ಆಮೆ! ಚಿಪ್ಪಿನ ಅಂಚಿಗೆ ಬೆರಳುದ್ದದ ಗೀರು. ರಕ್ತ ಬಂದಿರಲಿಲ್ಲ, ಪುಣ್ಯ. ಮಷೀನು ಆಫ್ ಮಾಡಿ ಅಲ್ಲೇ ಕೂತೆ. ಅರ್ಧ ತಾಸಾದ ಮೇಲೆ ತಲೆ ಹೊರಹಾಕಿ ಕಾಲುವೆಗೆ ಇಳಿಯಿತು.

ರಾತ್ರಿ ಮಗಳಿಗೆ ಫೋನ್ ಮಾಡಿದೆ. ಅವಳಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಮಳೆ ಬಂದ ಮರುದಿನ ಅವಳ ಹಿತ್ತಿಲಿಗೆ ಬಾಕ್ಸ್ ಟರ್ಟಲ್ ಅನ್ನುವ ನೆಲದ ಆಮೆ ಬರುತ್ತದೆ, ಅಣಬೆ, ಹುಳ ಹುಡುಕಿಕೊಂಡು. 1979ರಿಂದ ಅದು ಆ ರಾಜ್ಯದ ಗುರುತಿನ ಪ್ರಾಣಿಗಳಲ್ಲಿ ಒಂದು. ಅದರ ಹೊಟ್ಟೆ ಕಡೆಯ ಚಿಪ್ಪಿಗೆ ಅಡ್ಡಲಾಗಿ ಕೀಲು ಇದೆ. ತಲೆ, ಕಾಲು ಎಳೆದುಕೊಂಡು ಡಬ್ಬಿಯ ಹಾಗೆ ಮುಚ್ಚಿಕೊಳ್ಳುತ್ತದೆ. ನಮ್ಮ ಕಪ್ಪು ಆಮೆಗೆ ಆ ಸೌಕರ್ಯ ಇಲ್ಲ.

"ಕೀಲಿದ್ದು ಏನು ಬಂತು ಅಪ್ಪಯ್ಯ? ಮಷೀನು ಹತ್ತಿರ ಬಂದರೂ ಓಡುವುದಿಲ್ಲ, ಮುಚ್ಚಿಕೊಂಡು ಕೂರುತ್ತದೆ. ಇಲ್ಲಿ ಹುಲ್ಲು ಕತ್ತರಿಸುವ ಗಾಡಿಗೆ ಸಿಕ್ಕಿ ಎಷ್ಟೋ ಸಾಯುತ್ತವೆ" ಅಂದಳು. ಚಿಪ್ಪು ಅಂದರೆ ಬರೀ ಕವಚ ಅಲ್ಲ, ಬೆನ್ನೆಲುಬು, ಪಕ್ಕೆಲುಬು ಕೂಡಿಯೇ ಆದದ್ದು. ಪೆಟ್ಟು ಬಿದ್ದರೆ ನೋವಾಗುತ್ತದೆ.

ಹಿಡಿದು ದೂರದ ಕೆರೆಗೆ ಬಿಡಲಾ ಅಂತ ಕೇಳಿದ್ದಕ್ಕೆ ಬೈದಳು. ಬಾಕ್ಸ್ ಟರ್ಟಲ್ ಸಾಮಾನ್ಯವಾಗಿ ಹುಟ್ಟಿದ ಜಾಗದ ಕೆಲವು ನೂರು ಮೀಟರಿನಲ್ಲೇ ಬದುಕು ಕಳೆಯುವ ಪ್ರಾಣಿ. ದೂರ ಬಿಟ್ಟರೆ ಮನೆ ಹುಡುಕುತ್ತಾ ಅಲೆಯುತ್ತದೆ, ರಸ್ತೆಗೆ ಬೀಳುತ್ತದೆ. 50 ವರ್ಷ ದಾಟಿ ಬದುಕುವುದೂ ಉಂಟು. ಆದರೆ ಒಂದು ಸಲಕ್ಕೆ ಇಡುವುದು ಮೂರೋ ಐದೋ ಮೊಟ್ಟೆ, ಮರಿಗಳಲ್ಲಿ ಉಳಿಯುವುದು ಕಡಿಮೆ. ದೊಡ್ಡದೊಂದು ಸತ್ತರೆ ಆ ಜಾಗ ತುಂಬಲು ವರ್ಷಗಟ್ಟಲೆ ಬೇಕು. ನಮ್ಮ ಆಮೆಯನ್ನೂ ಇದ್ದಲ್ಲೇ ಬಿಟ್ಟೆ.

ಈಗ ಕಾಲುವೆ ಪಕ್ಕ ಮಷೀನಿಗೆ ಬ್ಲೇಡಿನ ಬದಲು ನೈಲಾನ್ ದಾರ ಮಾತ್ರ. ದಪ್ಪ ಕಳೆಗೆ ಅದು ಸಾಲುವುದಿಲ್ಲ, ಬೇಗ ಸವೆಯುತ್ತದೆ, ಇರಲಿ. ಮೊದಲು ಕೋಲಿನಿಂದ ಹುಲ್ಲು ಸರಿಸಿ ನೋಡುತ್ತೇನೆ. ನೆಲದಿಂದ ಅರ್ಧ ಅಡಿ ಮೇಲೆ ಹೊಡೆಯುತ್ತೇನೆ. ಬೆಳಿಗ್ಗೆ ಆಸರಿ ಮುಗಿಸಿ ಹೊರಡುತ್ತಿದ್ದವನು ಈಗ ಬಿಸಿಲೇರಿದ ಮೇಲೆ ಶುರು ಮಾಡುತ್ತೇನೆ.

ಮಷೀನಿಗೆ ಐದರಲ್ಲಿ ನಾಲ್ಕು. ಕೊಳ್ಳುವವರಿಗೆ ಅಂಗಡಿಯಲ್ಲಿ ಇನ್ನೊಂದು ಬ್ಲೇಡ್ ಫ್ರೀ ಅಂದರೆ, ಬದಲಿಗೆ ದಾರದ ಸುರುಳಿ ಕೇಳಿ.