ಮಳೆಗಾಲದ ತಾಲೀಮಿಗೆ ಕಾನ್ಸೆಪ್ಟ್2 ರೋಎರ್ಗ್: ಎಲ್ಲಿವರೆಗೆ ನೆಚ್ಚಬಹುದು?

ಲೀಗ್ ಮುಗಿದು ಮೈದಾನ ಕೆಸರಾದ ಮೇಲೆ ಕ್ರಿಕೆಟ್, ಹಾಕಿ, ಕಬಡ್ಡಿ ಆಟಗಾರರ ಕಾಲಿಗೆ ವಿರಾಮ ಬೇಕು, ಆದರೆ ದಮ್ಮು ಇಳಿಯಬಾರದು. ಓಟದಲ್ಲಿ ಪ್ರತಿ ಹೆಜ್ಜೆಗೂ ದೇಹತೂಕದ ಎರಡು-ಮೂರು ಪಟ್ಟು ಹೊರೆ ಬೀಳುತ್ತದೆ. ರೋಯಿಂಗ್ ಯಂತ್ರದಲ್ಲಿ ಪಾದ ಫುಟ್‌ರೆಸ್ಟ್ ಬಿಟ್ಟು ಏಳುವುದೇ ಇಲ್ಲ. ಅಮೆರಿಕದ ವರ್ಮಾಂಟ್‌ನ ಕಾನ್ಸೆಪ್ಟ್2 ಕಂಪನಿಯ ರೋಎರ್ಗ್, ಅಂದರೆ ಹಳಬರು ಮಾಡೆಲ್ ಡಿ ಎಂದೇ ಕರೆಯುವ ಯಂತ್ರ, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಸೀಸನ್ ಹತ್ತಿರ ಬಂದಾಗಲೂ ಇದನ್ನೇ ನೆಚ್ಚಿಕೊಂಡರೆ ಮೊದಲ ಪಂದ್ಯದಲ್ಲೇ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹಿಡಿದುಕೊಳ್ಳುವ ಅಪಾಯವಿದೆ. ಆ ಮಾತು ಮುಂದೆ.

ಮೊದಲು ಡ್ಯಾಂಪರ್. ಎಳೆದಾಗ ಪಂಜರದೊಳಗೆ ತಿರುಗುವ ಫ್ಯಾನ್ ಚಕ್ರದ ಪಕ್ಕದ 1ರಿಂದ 10ರವರೆಗಿನ ಸನ್ನೆಯನ್ನು ಜಿಮ್‌ಗಳಲ್ಲಿ ಎಲ್ಲರೂ 10ಕ್ಕೆ ತಳ್ಳುತ್ತಾರೆ. ಅದು ಕಷ್ಟದ ಮಟ್ಟವಲ್ಲ, ಪಂಜರದೊಳಗೆ ಎಷ್ಟು ಗಾಳಿ ಹೋಗಬೇಕೆಂಬ ಕಿಟಕಿ ಅಷ್ಟೇ. 10ರಲ್ಲಿ ಪ್ರತಿ ಎಳೆತವೂ ನಿಧಾನ, ಭಾರ. ಸೊಂಟ ಮೊದಲು ಸೋಲುತ್ತದೆ, ಹೃದಯಕ್ಕೆ ಸಾಕಷ್ಟು ಕೆಲಸ ಸಿಗುವುದಿಲ್ಲ. ನೋಡಬೇಕಾದದ್ದು ಡ್ರ್ಯಾಗ್ ಫ್ಯಾಕ್ಟರ್, ಅಂದರೆ ಗಾಳಿ ಚಕ್ರವನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ. ಪಿಎಂ5 ಮಾನಿಟರ್‌ನ ಮೋರ್ ಆಪ್ಶನ್ಸ್‌ನಲ್ಲಿ ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್ ಒತ್ತಿ ಹತ್ತು ಸಲ ಎಳೆದರೆ ಅಂಕಿ ಬರುತ್ತದೆ. ಹಗುರ ಮೈಯವರಿಗೆ 100–115, ಗಟ್ಟಿಮುಟ್ಟಾದವರಿಗೆ 115–130 ಸಾಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳು, ಹಾಗಾಗಿ ಅದೇ 4ನೇ ಗುರುತು ಮಂಗಳೂರಿನಲ್ಲಿ ಕೊಡುವಷ್ಟು ಡ್ರ್ಯಾಗ್ ಇಲ್ಲಿ ಕೊಡುವುದಿಲ್ಲ. ಪಂಜರದಲ್ಲಿ ಧೂಳು ಕಟ್ಟಿದರೂ ಅಂಕಿ ಇಳಿಯುತ್ತದೆ. ಮಾನಿಟರ್ ಪ್ರತಿ ಎಳೆತದ ನಡುವೆ ಡ್ರ್ಯಾಗನ್ನು ಮರುಲೆಕ್ಕ ಹಾಕುವುದರಿಂದ ಸಮಯಗಳನ್ನು ಮಾತ್ರ ಊರಿಂದ ಊರಿಗೆ ನಿಶ್ಚಿಂತೆಯಿಂದ ಹೋಲಿಸಬಹುದು. ಈ ಯಂತ್ರಕ್ಕೆ ದುಡ್ಡು ಸುರಿಯಲು ನಿಜವಾದ ಕಾರಣ ಇದೇ.

ಇನ್ನು ಯೋಜನೆ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾಗುವ ಆಟಗಾರನಿಗೆ ಹನ್ನೆರಡು ವಾರ ಹಿಡಿಯೋಣ. ಮೊದಲ ಎರಡು ವಾರ ಬರೀ ಕೈಕಾಲು ಕೂಡಿಸುವ ಅಭ್ಯಾಸ: 4 ಸಲ 5 ನಿಮಿಷ, ನಿಮಿಷಕ್ಕೆ 18–20 ಎಳೆತ. ಎಳೆತದ ಕ್ರಮ ಕಾಲು, ಸೊಂಟ, ಕೈ; ವಾಪಸಾಗುವಾಗ ಕೈ, ಸೊಂಟ, ಕಾಲು. ಬರುವುದಕ್ಕೆ ಎಳೆಯುವುದರ ಎರಡರಷ್ಟು ಹೊತ್ತು. ಹ್ಯಾಂಡಲ್ ಮಂಡಿ ದಾಟುವ ಮೊದಲೇ ಮಂಡಿ ಮಡಚಿದರೆ ಚೈನು ಗುಡ್ಡ ಹತ್ತಿ ಇಳಿದಂತೆ ಓಡುತ್ತದೆ. ಪಕ್ಕದಲ್ಲಿ ನಿಂತವರಿಗೆ ಅದು ಮೊದಲು ಕಾಣುವ ತಪ್ಪು. ಪಟ್ಟಿ ಹೆಬ್ಬೆರಳ ಬುಡದ ಮೇಲೆ ಹಾಯುವಂತೆ ಫುಟ್‌ರೆಸ್ಟ್ ಎತ್ತರ ಇಡಿ.

ಮೂರನೇ ವಾರದ ಆರಂಭದಲ್ಲಿ ಒಂದು 2000 ಮೀಟರ್ ಪರೀಕ್ಷೆ. ಅದರ 500 ಮೀಟರ್ ಸ್ಪ್ಲಿಟ್‌ಗೆ (ಪ್ರತಿ 500 ಮೀಟರ್‌ಗೆ ಹಿಡಿದ ಸರಾಸರಿ ಸಮಯ) 20–25 ಸೆಕೆಂಡ್ ಸೇರಿಸಿದರೆ ತಳಪಾಯದ ವೇಗ, ಅಂದರೆ ಹೆಚ್ಚು ಹೊತ್ತು ನಿರಾಳವಾಗಿ ಎಳೆಯುವ ವೇಗ, ಸಿಕ್ಕಿತು. 7:40ರಲ್ಲಿ ಮುಗಿಸಿದವರ ಸ್ಪ್ಲಿಟ್ 1:55, ಅಂದರೆ ಸುಮಾರು 230 ವಾಟ್. ಅವರ ತಳಪಾಯ 2:15–2:20, ಅಂದರೆ ಸುಮಾರು 142ರಿಂದ 128 ವಾಟ್. ಇಷ್ಟು ನಿಧಾನವೇ ಎಂದು ಆಟಗಾರರು ಗೊಣಗುವುದು ಇಲ್ಲೇ. ಆದರೆ ವೇಗ ಹೆಚ್ಚಿದಷ್ಟೂ ಪ್ರತಿ ಸೆಕೆಂಡು ದುಬಾರಿ: ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುವುದರಿಂದ 2:30ರಿಂದ 2:20ಕ್ಕೆ ಬರಲು 24 ವಾಟ್ ಸಾಕು, 2:00ರಿಂದ 1:50ಕ್ಕೆ 60 ವಾಟ್ ಬೇಕು. ಮಾತಾಡುತ್ತಾ ಎಳೆಯುವಂತಿರಬೇಕು. ಆರನೇ ವಾರದವರೆಗೆ ವಾರಕ್ಕೆ ಮೂರು ದಿನ, 30–40 ನಿಮಿಷ. ಏಳು, ಎಂಟರಲ್ಲಿ ಒಂದು ದಿನವನ್ನು 4 ಸಲ 8 ನಿಮಿಷಕ್ಕೆ ಬದಲಿಸಿ: ಸ್ಪ್ಲಿಟ್ ಪರೀಕ್ಷೆಗಿಂತ 8–10 ಸೆಕೆಂಡ್ ನಿಧಾನ, ನಡುವೆ 3 ನಿಮಿಷ ವಿರಾಮ. ಒಳಾಂಗಣದಲ್ಲಿ ಎದುರುಗಾಳಿ ಇಲ್ಲ, ಫ್ಯಾನ್ ಇರಲಿ. ಕರಾವಳಿಯ ಸೆಕೆಯಲ್ಲಿ ಹೃದಯಬಡಿತ ತಾನಾಗಿ ಮೇಲೇರಿದರೆ ವೇಗ ಬಿಟ್ಟು ಬಡಿತವನ್ನೇ ಹಿಡಿಯಿರಿ.

ಒಂಬತ್ತನೇ ವಾರದಿಂದ ಯಂತ್ರ ವಾರಕ್ಕೊಂದೇ ದಿನ, ಅದೂ ಚೇತರಿಕೆಗೆ. ರೋಯಿಂಗ್‌ನಲ್ಲಿ ಸ್ನಾಯು ಚಿಕ್ಕದಾಗುತ್ತಾ ದುಡಿಯುವುದೇ ಹೆಚ್ಚು. ಓಟದಲ್ಲಿ ಹ್ಯಾಮ್‌ಸ್ಟ್ರಿಂಗ್ ಉದ್ದವಾಗುತ್ತಲೇ ಕಾಲನ್ನು ತಡೆಹಿಡಿಯಬೇಕು. ಆ ತಡೆಯುವ ಕಸುವನ್ನು ಈ ಯಂತ್ರ ಕಲಿಸುವುದಿಲ್ಲ. ಅದಕ್ಕೆ ಮೂರನೇ ವಾರದಿಂದಲೇ ನಾರ್ಡಿಕ್ ಕರ್ಲ್ (ಮಂಡಿಯೂರಿ, ಹಿಮ್ಮಡಿ ಹಿಡಿಸಿಕೊಂಡು ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ವ್ಯಾಯಾಮ) 2 ಸೆಟ್, ಪ್ರತಿ ಸೆಟ್‌ಗೆ 4–5 ಸಲ, ಒಂಬತ್ತರಿಂದ ಹಂತಹಂತವಾಗಿ ಸ್ಪ್ರಿಂಟ್. ಸೊಂಟದ ಭಾಗದ ಬೆನ್ನುಮೂಳೆಯ ಒತ್ತಡ-ಬಿರುಕಿನಿಂದ ಚೇತರಿಸಿಕೊಳ್ಳುತ್ತಿರುವ ವೇಗದ ಬೌಲರ್‌ಗೆ ಫಿಸಿಯೋ ಒಪ್ಪುವವರೆಗೆ ರೋಯರ್ ಬೇಡ, ಸೈಕಲ್ ಒಳ್ಳೆಯದು. ಸ್ಪಿನ್ನರ್‌ಗಳು ಹ್ಯಾಂಡಲನ್ನು ಬೆರಳಲ್ಲಿ ಕೊಕ್ಕೆಯಂತೆ ಸಡಿಲವಾಗಿ ಹಿಡಿಯಲಿ. ಬಿಗಿಹಿಡಿತದಿಂದ ಎದ್ದ ಬೊಬ್ಬೆ ಚೆಂಡು ತಿರುಗಿಸಲು ಬಿಡುವುದಿಲ್ಲ.

ಯಂತ್ರದ ಉದ್ದ 244 ಸೆಂ.ಮೀ., ತೂಕ ಸುಮಾರು 26 ಕೆಜಿ, ಉಪಕರಣವಿಲ್ಲದೆ ಎರಡಾಗಿ ಬಿಚ್ಚಿ ಗೋಡೆಗೆ ನಿಲ್ಲಿಸಬಹುದು. ಸೀಟು ನೆಲದಿಂದ 36 ಸೆಂ.ಮೀ. ಮಾತ್ರ; ಮಂಡಿ ನೋವಿನವರಿಗೆ ಕೂತು ಏಳುವುದೇ ಶಿಕ್ಷೆ, ಅವರು 51 ಸೆಂ.ಮೀ. ಎತ್ತರದ ಕಾಲಿನ ಮಾದರಿ ನೋಡಲಿ. ಸದ್ದು ಜೋರು, ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಐದಕ್ಕೆ ಆಗದು. ಬೆಲೆ ಒಬ್ಬರ ಜೇಬಿಗಿಂತ ಕ್ಲಬ್ಬಿಗೇ ಸರಿ. ರೈಲನ್ನು ದಿನಾ ಒರೆಸಿ, ಇಲ್ಲವಾದರೆ ಬೆವರು ಮಸಿಯಾಗಿ ಸೀಟಿನ ಚಕ್ರಕ್ಕೆ ಮೆತ್ತುತ್ತದೆ. ಚೈನಿಗೆ 50 ಗಂಟೆಗೊಮ್ಮೆ ಬಟ್ಟೆಯಲ್ಲಿ ಒಂದು ಚಮಚ ಖನಿಜ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40 ಮಾತ್ರ ಬೇಡ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಹ್ಯಾಂಡಲನ್ನು ಪೂರ್ತಿ ಎಳೆದು ನಿಧಾನ ಬಿಡಿ: ಚೈನು ಜೋತುಬಿದ್ದರೆ ಒಳಗಿನ ಇಲಾಸ್ಟಿಕ್ ಹಗ್ಗ ಸೋತಿದೆ, ಬಿಗಿಮಾಡಿದರೆ ಹೆಚ್ಚಾಗಿ ಸರಿಹೋಗುತ್ತದೆ. ಚೈನಿನಲ್ಲಿ ತುಕ್ಕಿನ ಗಂಟು ಸಿಕ್ಕರೆ ಹೊಸ ಚೈನಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.